ಮಾಸ್ತರರು, ಮೆಣಸಿನಕಾಯಿ ಮತ್ತು ವಿಮೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಜನ ವಿಮೆಯ ಪಾಠವನ್ನು ಇಬ್ಬರು ಗುರುಗಳಿಂದ ಕಲಿತಿದ್ದಾರೆ. ಮೊದಲನೆಯ ಗುರು 1956ರಲ್ಲಿ ಸ್ಥಾಪನೆಯಾದ ಜೀವ ವಿಮಾ ನಿಗಮದ ಏಜೆಂಟರು. ಅವರು ಕಲಿಸಿದ ಪಾಠವೆಂದರೆ ಕಟ್ಟಿದ ಹಣ ಅವಧಿ ಮುಗಿದ ಮೇಲೆ ಬೋನಸ್ಸಿನೊಡನೆ ಮರಳಿ ಬರುತ್ತದೆ ಎಂಬುದು. ಆದ್ದರಿಂದಲೇ ಆರೋಗ್ಯ ವಿಮೆಯ ಮಾತೆತ್ತಿದವರನ್ನು ಈ ಸೀಮೆಯ ಹಿರಿಯರು ಮೊಟ್ಟಮೊದಲು ಕೇಳುವ ಪ್ರಶ್ನೆ, ‘ಕಡೀಕೆ ಎಷ್ಟ್ ಬರತೈತ್ರಿ?’ ಎಂಬುದಾಗಿರುತ್ತದೆ; ಕಾಯಿಲೆ ಬಾರದಿದ್ದರೆ ಏನೂ ಬರುವುದಿಲ್ಲ ಎಂಬ ಪ್ರಾಮಾಣಿಕ ಉತ್ತರ ಬಿದ್ದೊಡನೆ ಚಹಾ ತರಿಸುವ ವಿಚಾರವೂ ಅಲ್ಲಿಗೇ ನಿಲ್ಲುತ್ತದೆ. ಎರಡನೆಯ ಗುರು 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಹೆಸರಿನಲ್ಲಿ ನಡೆಯುತ್ತಿರುವ ಬೆಳೆ ವಿಮೆ. ಇದರಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಒಂದು ಘಟಕ. ಅಲ್ಲಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ಇಡೀ ಪಂಚಾಯತಿಯ ಇಳುವರಿಯನ್ನು ಅಂದಾಜಿಸುತ್ತಾರಾದ್ದರಿಂದ, ಒಬ್ಬನ ಹೊಲ ಮಾತ್ರ ಒಣಗಿದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಈ ಶಿಸ್ತಿನಲ್ಲಿ ಪಳಗಿದ ರೈತನಿಗೆ, ಊರವರೆಲ್ಲ ಗಟ್ಟಿಮುಟ್ಟಾಗಿದ್ದು ತನ್ನೊಬ್ಬನ ಮೂತ್ರಪಿಂಡದಲ್ಲಿ ಕಲ್ಲಾದರೂ ಹಣ ಕೊಡುವ ವಿಮೆಯೊಂದಿದೆ ಎಂದರೆ ನಂಬಿಕೆ ಹುಟ್ಟುವುದು ಕಷ್ಟ; ಪಂಚಾಯತಿಯ ಅರ್ಧದಷ್ಟು ಜನಕ್ಕಾದರೂ ಕಲ್ಲಾಗಬೇಕಲ್ಲವೇ ಎಂಬುದು ಅವನ ನ್ಯಾಯಸಮ್ಮತವಾದ ಸಂಶಯ.

ಇಂಥ ನೆಲದಿಂದ ಇಂಗ್ಲಿಷ್ ಕಲಿಸುವ ಮಾಸ್ತರರೋ ಅಕ್ಕೋರೋ ಪರದೇಶಕ್ಕೆ ಹೊರಟಾಗ ವಿಷಯ ಗಂಭೀರವಾಗುತ್ತದೆ. ಹೊರಡುವವರಿಗೆ ಏಲಕ್ಕಿ ಹಾರ ಹಾಕಿ ಬೀಳ್ಕೊಡುವುದು ಹಾವೇರಿಯ ವಾಡಿಕೆ. ಏಲಕ್ಕಿ ಬೆಳೆಯದ ಊರು ಏಲಕ್ಕಿ ಹಾರಕ್ಕೆ ಹೆಸರಾಗಿರುವಾಗ, ಇಂಗ್ಲಿಷ್ ಹುಟ್ಟದ ಊರಿನಿಂದ ಇಂಗ್ಲಿಷ್ ಕಲಿಸುವವರು ಹೊರಡುವುದರಲ್ಲಿ ವಿಚಿತ್ರವೇನೂ ಇಲ್ಲ. ಹಾರ ಹಾಕುವವರಲ್ಲಿ ಪಗಾರ ಎಷ್ಟು ಎಂದು ಕೇಳದವರಿಲ್ಲ, ಅಲ್ಲಿ ಜ್ವರ ಬಂದರೆ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕೇಳುವವರಿಲ್ಲ.

ಸರಕಾರವಾದರೂ ಕೇಳೀತೆಂದರೆ ಅದರ ನಿಯಮ ಮಾಸ್ತರರ ಪಾಲಿಗೆ ತುಸು ಕ್ರೂರವಾಗಿದೆ. ಗಲ್ಫ್ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗುವ, ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ, ಅಂದರೆ ಹೊರಡುವ ಮುನ್ನ ವಲಸೆ ಅಧಿಕಾರಿಯ ಅನುಮತಿ ಬೇಕಾಗುವ ವರ್ಗಕ್ಕೆ ಸೇರುತ್ತದೆ. ಇವರಿಗೆ 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಒದಗಿದಾಗ 10 ಲಕ್ಷ ರೂಪಾಯಿ ದೊರೆಯುವ ಈ ಯೋಜನೆಯಲ್ಲಿ ಒಂದಿಷ್ಟು ಚಿಕಿತ್ಸಾ ವೆಚ್ಚವೂ ಸೇರಿದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಕಡ್ಡಾಯ ಅನ್ವಯಿಸದು. ಪರಿಣಾಮವೆಂದರೆ, ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ನಪಾಸಾಗಿ ದುಬೈಗೆ ಗವಂಡಿ ಕೆಲಸಕ್ಕೆ ಹೊರಟ ಶಿಷ್ಯನನ್ನು ಸರಕಾರ ವಿಮೆ ಮಾಡಿಸದೆ ಬಿಡುವುದಿಲ್ಲ. ಅವನನ್ನು ನಪಾಸು ಮಾಡಿದ ಮಾಸ್ತರರು ಅದೇ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕುಳಿತಿದ್ದರೂ ಅವರನ್ನು ತಿಳಿದವರೆಂದು ಭಾವಿಸಿ ಅವರ ಪಾಡಿಗೆ ಬಿಟ್ಟುಬಿಡುತ್ತದೆ. ವಿದ್ಯೆಯ ಮೇಲೆ ಸರಕಾರಕ್ಕಿರುವ ಗೌರವ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಿಸುವುದಿಲ್ಲ.

ಅದೃಷ್ಟವಶಾತ್ ಇಳಿದ ನೆಲದ ಕಾನೂನು ಅಷ್ಟು ಉದಾಸೀನವಾಗಿಲ್ಲ. ಅಬುಧಾಬಿ 2005ರ, ದುಬೈ 2013ರ ಕಾನೂನಿನ ಮೂಲಕ ನೌಕರನ ಆರೋಗ್ಯ ವಿಮೆಯನ್ನು ಕೆಲಸ ಕೊಟ್ಟವರ ಹೊಣೆಯಾಗಿಸಿದವು. ಉಳಿದ ಎಮಿರೇಟುಗಳಿಗೂ ಅದು 2025ರ ಜನವರಿ 1ರಿಂದ ವಿಸ್ತರಿಸಿತು. ಮಾಲ್ದೀವ್ಸಿನಲ್ಲಿ 2012ರಿಂದಿರುವ ‘ಆಸಂಧ’ ಎಂಬ ಸಾರ್ವತ್ರಿಕ ಯೋಜನೆ ಆ ದೇಶದ ಪ್ರಜೆಗಳಿಗೆ ಮಾತ್ರವಾದ್ದರಿಂದ ಅಲ್ಲಿಗೆ ಹೋಗುವ ಶಿಕ್ಷಕರು ಬೇರೆ ವಿಮೆಯನ್ನೇ ನಂಬಬೇಕು. ಇಲ್ಲಿ ಕೊಂಡ ಸಾಮಾನ್ಯ ಆರೋಗ್ಯ ಪಾಲಿಸಿಯಾದರೋ ಭಾರತದ ಗಡಿಯಾಚೆಗೆ ಬಹುಮಟ್ಟಿಗೆ ಬಾಯಿಬಿಡುವುದಿಲ್ಲ. ಈ ಸಂಗತಿ ತಿಳಿದ ಕೂಡಲೇ ಮಾಸ್ತರರು ಬಹಳ ಜಾಣತನದ ಕೆಲಸವೊಂದನ್ನು ಮಾಡುತ್ತಾರೆ: ಊರಿನ ಪಾಲಿಸಿಯ ಕಂತು ಕಟ್ಟುವುದನ್ನು ನಿಲ್ಲಿಸುತ್ತಾರೆ.

ಈ ಜಾಣತನದ ಬೆಲೆಯನ್ನು ತಿಳಿಯಲು ‘ಕಾಯುವ ಅವಧಿ’ ಎಂಬುದನ್ನು ಅರಿಯಬೇಕು. ಹೊಸ ಪಾಲಿಸಿಯಲ್ಲಿ ಅಪಘಾತವೊಂದನ್ನು ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ಹಣ ದೊರೆಯದು; ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷ ಕಾಯಬೇಕಾಗಬಹುದು, 2024ರ ಏಪ್ರಿಲಿಗೆ ಮುಂಚೆ ಅದು ನಾಲ್ಕು ವರ್ಷವಿತ್ತು. ಸತತವಾಗಿ ಐದು ವರ್ಷ ಕಂತು ಕಟ್ಟಿದ ಮೇಲೆ, ವಂಚನೆಯನ್ನು ಸಾಬೀತುಪಡಿಸದ ಹೊರತು, ‘ಕಾಯಿಲೆ ಮುಚ್ಚಿಟ್ಟಿದ್ದೀರಿ’ ಎಂಬ ತಕರಾರನ್ನು ಕಂಪನಿ ಎತ್ತುವಂತಿಲ್ಲ. ಹೀಗೆ ವರ್ಷದಿಂದ ವರ್ಷಕ್ಕೆ ಪಾಸಾಗುತ್ತ ಬಂದ ಪಾಲಿಸಿಯನ್ನು ನಡುವೆ ಬಿಡಿಸಿ, ಕೆಲವು ವರ್ಷಗಳ ತರುವಾಯ ಬಿಪಿ, ಸಕ್ಕರೆಗಳೆಂಬ ಪರದೇಶದ ಗಳಿಕೆಯೊಡನೆ ಮರಳಿದ ಮಾಸ್ತರರು ಪುನಃ ಒಂದನೆಯ ಇಯತ್ತೆಗೆ ಹೆಸರು ಹಚ್ಚಬೇಕಾಗುತ್ತದೆ, ಅದೂ ಹೆಚ್ಚಿದ ವಯಸ್ಸಿನ ಹೆಚ್ಚಿದ ಕಂತಿಗೆ.

ಹೆಸರು ಹಚ್ಚುವಾಗ ತುಂಬಬೇಕಾದ ಅರ್ಜಿಯೂ ಈ ಸೀಮೆಯಲ್ಲಿ ಅಧ್ಯಯನಯೋಗ್ಯವಾದ ಸಾಹಿತ್ಯ ಪ್ರಕಾರವಾಗಿದೆ. ಹಾವೇರಿಯಲ್ಲಿ ಬಸ್ಸು ಹತ್ತಿದವರು ರಾಣೇಬೆನ್ನೂರು ಮುಟ್ಟುವುದರೊಳಗೆ ಪಕ್ಕದ ಅಪರಿಚಿತರಿಗೆ ತಮ್ಮ ಸಕ್ಕರೆಯ ಪ್ರಮಾಣವನ್ನು ಊಟಕ್ಕೆ ಮುಂಚೆ ಎಷ್ಟು, ಊಟವಾದ ಮೇಲೆ ಎಷ್ಟು ಎಂದು ಬಿಡಿಸಿ ಹೇಳುತ್ತಾರೆ. ಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಾರೆ. ಮಾವನವರಿಗೆ ಹಾಕಿದ ಸ್ಟೆಂಟುಗಳ ಸಂಖ್ಯೆಯನ್ನೂ ತಿಳಿಸುತ್ತಾರೆ. ಅದೇ ಜನ ವಿಮೆಯ ಅರ್ಜಿಯೆದುರು ಕುಳಿತಾಗ ಮಾತ್ರ ಜಗತ್ತಿನ ಅತ್ಯಂತ ನಿರೋಗಿಗಳಾಗಿಬಿಡುತ್ತಾರೆ: ಬಿಪಿ ಇಲ್ಲ, ಸಕ್ಕರೆ ಇಲ್ಲ, ಮೊಣಕಾಲೇ ಇಲ್ಲವೆನ್ನುವಷ್ಟು ನಿರಾಳ. ಯಾರು ಹಣ ಕೊಡಲಾರರೋ ಅವರಿಗೆ ಸತ್ಯವನ್ನೂ, ಯಾರು ಕೊಡಬೇಕೋ ಅವರಿಗೆ ಸುಳ್ಳನ್ನೂ ಹೇಳುವ ಈ ಪದ್ಧತಿಯಿಂದಾಗಿ, ಐದು ವರ್ಷ ತುಂಬುವ ಮೊದಲೇ ಆಸ್ಪತ್ರೆ ಸೇರಿದವರ ಹಳೆಯ ಔಷಧ ಚೀಟಿಯೇ ಅವರ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಇಷ್ಟಾಗಿಯೂ ವಿಮೆಯ ನಿಜವಾದ ಅಗತ್ಯವಿರುವುದು ಊರಲ್ಲಿ ಉಳಿದ ಅಪ್ಪ ಅವ್ವಂದಿರಿಗೆ. ಅವರು ಬಿಪಿಎಲ್ ಕಾರ್ಡಿನವರಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಸಹಕಾರ ಸಂಘದ ಸದಸ್ಯರಾದರೆ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರ ಹೊತ್ತಿಗೆ ಮರುಜೀವ ಪಡೆದ ಯಶಸ್ವಿನಿಯುಂಟು. ಎಪಿಎಲ್ ಕಾರ್ಡಿನವರಿಗೆ ನಿಗದಿತ ದರದ ಶೇ. 30ರಷ್ಟು ಮಾತ್ರ ಸಿಗುವುದರಿಂದ ಖಾಸಗಿ ಪಾಲಿಸಿ ಅನಿವಾರ್ಯ. ಅದನ್ನು ಕೊಳ್ಳುವವರು ‘ನೆಟ್‌ವರ್ಕ್ ಆಸ್ಪತ್ರೆ’ಗಳ, ಅಂದರೆ ರೋಗಿಯಿಂದ ಹಣ ಕೇಳದೆ ಕಂಪನಿಯಿಂದಲೇ ವಸೂಲು ಮಾಡುವ ಆಸ್ಪತ್ರೆಗಳ ಪಟ್ಟಿಯಲ್ಲಿ ಬೆಂಗಳೂರನ್ನು ಹುಡುಕುವುದಕ್ಕಿಂತ ಹುಬ್ಬಳ್ಳಿ ಮತ್ತು ದಾವಣಗೆರೆಯನ್ನು ಹುಡುಕುವುದು ಲೇಸು, ಎದೆನೋವು ಬಂದಾಗ ಹಾವೇರಿಯ ಕಾರು ಉತ್ತರಕ್ಕೂ ರಾಣೇಬೆನ್ನೂರಿನ ಕಾರು ದಕ್ಷಿಣಕ್ಕೂ ಓಡುವುದು ಹೆದ್ದಾರಿಯ ನಿಯಮ.

ಆಸ್ಪತ್ರೆ ಸೇರಿದ ಮೇಲೆ ನೆಂಟರ ಪ್ರಶ್ನೆ ಏಳುತ್ತದೆ. ನೋಡಲು ಬರುವವರೆದುರು ಮರ್ಯಾದೆ ಉಳಿಯಬೇಕೆಂದು, ದಿನಕ್ಕೆ 3,000 ರೂಪಾಯಿ ಕೊಠಡಿ ಬಾಡಿಗೆಯ ಮಿತಿಯಿರುವ ಪಾಲಿಸಿಯವರು 6,000ದ ಎಸಿ ಕೊಠಡಿ ಹಿಡಿಯುತ್ತಾರೆ. ಮೇಲಿನ ಮೂರು ಸಾವಿರವನ್ನು ಕೈಯಿಂದ ಕೊಟ್ಟರಾಯಿತೆಂದು ಭಾವಿಸುತ್ತಾರೆ. ಆದರೆ ಅನೇಕ ಪಾಲಿಸಿಗಳಲ್ಲಿ ‘ಅನುಪಾತದ ಕಡಿತ’ ಎಂಬ ಷರತ್ತಿದ್ದು, ಬಾಡಿಗೆ ಮಿತಿಯ ಎರಡರಷ್ಟಾದಾಗ ಔಷಧಿಯಂಥ ಕೆಲವನ್ನು ಬಿಟ್ಟು ವೈದ್ಯರ ಶುಲ್ಕ ಮುಂತಾದವೂ ಅರ್ಧಕ್ಕಿಳಿಯುತ್ತವೆ. ನೆಂಟರು ಎಳನೀರು ಕುಡಿದು ತಣ್ಣಗೆ ಕುಳಿತು ಹೋಗುವುದಕ್ಕೆ ಇದಕ್ಕಿಂತ ದುಬಾರಿಯಾದ ವ್ಯವಸ್ಥೆ ಇರಲಾರದು.

ಬ್ಯಾಡಗಿಯ ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ಮೆಣಸಿನಕಾಯಿಯನ್ನು ಒಳ್ಳೆಯ ದರಕ್ಕಾಗಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಅದರ ಮೇಲೆ ಸಾಲ ಪಡೆಯುವಾಗ, ಬ್ಯಾಂಕಿನವರು ದಾಸ್ತಾನಿಗೆ ವಿಮೆ ಇದೆಯೇ ಎಂದು ನೋಡಿಯೇ ಮುಂದುವರಿಯುತ್ತಾರೆ. ಹೀಗಾಗಿ ತಂಪಿನಲ್ಲಿ ಮಲಗಿದ ಮೆಣಸಿನಕಾಯಿಗೆ ವಿಮೆ ಇರುತ್ತದೆ. ಬಿಸಿಲಲ್ಲಿ ಸೀನುತ್ತ ದರ ಕೂಗುವ ಅದರ ಮಾಲೀಕರಿಗೆ ಇರುವುದಿಲ್ಲ. ಮಗ ಪರದೇಶದಲ್ಲಿ ವಿಮೆಯೊಳಗೆ, ಕಾಯಿ ಉಗ್ರಾಣದಲ್ಲಿ ವಿಮೆಯೊಳಗೆ, ಅಪ್ಪ ಮಾತ್ರ ಎರಡರ ನಡುವೆ ದೇವರ ಮೇಲೆ ಭಾರ ಹಾಕಿ ಕುಳಿತವರು.

ಕಂತಿನ ಮೇಲೆ ಶೇ. 18ರ ತೆರಿಗೆ ಯಾರು ಕಟ್ಟುತ್ತಾರೆ ಎಂಬ ನೆಪವೂ ಈಗ ಉಳಿದಿಲ್ಲ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಪರದೇಶಕ್ಕೆ ಹೊರಟ ಮಾಸ್ತರರು ಊರಿನ ಪಾಲಿಸಿಯನ್ನು ನಿಲ್ಲಿಸದಿರಲಿ, ಅಪ್ಪ ಅವ್ವಂದಿರ ಹೆಸರಿನಲ್ಲಿ ಅವರ ಬಿಪಿಯನ್ನೂ ಸಕ್ಕರೆಯನ್ನೂ ಬಸ್ಸಿನಲ್ಲಿ ಹೇಳಿದಷ್ಟೇ ಧಾರಾಳವಾಗಿ ಬರೆದು ಇನ್ನೊಂದನ್ನು ಮಾಡಿಸಲಿ, ಬಂದ ಕಾಗದಗಳನ್ನು ತಮ್ಮ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಕೊನೆಯ ಪುಟದವರೆಗೆ ಓದಲಿ. ಒಪ್ಪಿಗೆಯಾಗದ ಹೊಸ ಪಾಲಿಸಿಯನ್ನು ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಲು ನಿಯಮದಲ್ಲಿ ಅವಕಾಶವಿದೆ.