ಪಾಯಿಂಟ್ ಕಾಕಾ

ಪಾಯಿಂಟ್ ಕಾಕಾ ಯಾರ ಮಾತನ್ನಾದರೂ ಒಪ್ಪಿಕೊಂಡದ್ದನ್ನು ಕಂಡವರು ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಯಾರೂ ಇಲ್ಲ. ಹಾಲು ತರಲು ಹೋದವರು ಬಾಯಿತಪ್ಪಿ ‘ಇವತ್ತು ಧಗೆ ಜಾಸ್ತಿ ಅಲ್ವಾ?’ ಅಂದರೆ ಮುಗಿಯಿತು. ‘ಏ, ಇದಕ್ಕ ಧಗಿ ಅಂತಾರೇನ್ರಿ? ನನ್ನ ಪಾಯಿಂಟ್ ಏನದ ಅಂದ್ರ...’ ಎಂದು ಹಿಡಿದುಕೊಳ್ಳುತ್ತಾರೆ. ರಾಯಚೂರಿನ ಮೇ ತಿಂಗಳು, ಕೃಷ್ಣೆಯ ಮರಳು, ಬಾಯ್ಲರಿನ ಬಾಗಿಲು ಎಲ್ಲ ದಾಟಿ ಮಾತು ನಿಲ್ಲುವಷ್ಟರಲ್ಲಿ ಕೈಯಲ್ಲಿದ್ದ ಹಾಲು ಒಡೆದಿರುತ್ತದೆ. ಧಗೆ ಇತ್ತು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಕಾಕಾ ಒಪ್ಪುವುದಿಲ್ಲ. ‘ಅದು ಡೇರಿಯವರ ಪ್ರಾಬ್ಲಮ್’ ಅನ್ನುತ್ತಾರೆ.

ಇಂಥ ಕಾಕಾಗಳು ಈ ಕಾಲೊನಿಯ ಒಂದೊಂದು ಫೇಸಿನಲ್ಲೂ ಒಬ್ಬೊಬ್ಬರು ಸಿಗಬಹುದು. ನಾನು ಹೇಳುತ್ತಿರುವವರು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಜೀವಮಾನವೆಲ್ಲ ದುಡಿದು, ನಿವೃತ್ತರಾಗಿ, ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿರುವ ಮಗನ ಜೊತೆಗೆ ಇರಲು ಬಂದವರು. ಬೇರೆಯವರು ಗೋತ್ರ ಹೇಳುವ ಜಾಗದಲ್ಲಿ ಕಾಕಾ ಮೆಗಾವ್ಯಾಟ್ ಹೇಳುತ್ತಾರೆ: ‘ಎಂಟು ಯೂನಿಟ್, 1720.’ ಫ್ಲ್ಯಾಟು ಮಗನದು, ಅಡುಗೆಮನೆ ಸೊಸೆಯದು, ಟಿವಿ ಮೊಮ್ಮಗನದು. ಕಾಕಾನದು ಅಂತ ಉಳಿದಿರುವುದು ಅಭಿಪ್ರಾಯ ಒಂದೇ. ಅದನ್ನೂ ಮನೆಯೊಳಗೆ ಬಿಚ್ಚಲು ಜಾಗವಿಲ್ಲ. ಹಾಗಾಗಿ ಸಂಜೆ ಐದಕ್ಕೆ, ಪಾರ್ಕಿನ ಕಾಂಪೌಂಡಿಗೆ ಒರಗಿಕೊಂಡಿರುವ ಚಹಾ ಅಂಗಡಿಗೆ ಇಳಿದು ಬರುತ್ತಾರೆ.

ಅಲ್ಲಿ ಸಭೆ ಸಿದ್ಧವಿರುತ್ತದೆ. ಜೆಎನ್‌ಟಿಯುನಲ್ಲಿ ಪಾಠ ಹೇಳಿ ನಿವೃತ್ತರಾದ ತೆಲುಗು ಮೇಷ್ಟ್ರು ಒಬ್ಬರು. ಕಾಕಾ ಅವರನ್ನು ‘ಮಾಸ್ಟಾರೂ’ ಅನ್ನುತ್ತಾರೆ, ಅವರು ಕಾಕಾನನ್ನು ‘ರಾಯಚೂರುಗಾರು’ ಅನ್ನುತ್ತಾರೆ. ಗುಂಟೂರು ಕಡೆಯ ಪ್ಲಾಟ್ ವ್ಯಾಪಾರಿ. ಬೀದರಿನ ಗುತ್ತಿಗೆದಾರ. ಇವರ ಸುತ್ತ ಹಾಸ್ಟೆಲ್ ಹುಡುಗರು. ಕೆಲಸ ಹುಡುಕಿಕೊಂಡು ಬಂದು, ಅಮೀರ್‌ಪೇಟೆಯಲ್ಲಿ ಕೋರ್ಸ್ ಸೇರಿ, ಇಲ್ಲಿ ಮಲಗುವವರು. ಕಾಕಾ ವಾದವನ್ನು ತೆಲುಗಿನಲ್ಲಿ ಶುರು ಮಾಡಿ, ಅಂಕಿಸಂಖ್ಯೆ ಇಂಗ್ಲಿಷಿನಲ್ಲಿ ಹೇಳಿ, ಸಿಟ್ಟನ್ನು ದಖ್ಖನಿಯಲ್ಲಿ ತೋರಿಸುತ್ತಾರೆ. ಕನ್ನಡಕ್ಕೆ ಬಂದರೆಂದರೆ ದಣಿದಿದ್ದಾರೆ ಎಂದೇ ಲೆಕ್ಕ. ಹಳೆಯ ನಿಜಾಮ್ ಸಂಸ್ಥಾನದ ಮನುಷ್ಯನಿಗೆ ಇದೇನೂ ದೊಡ್ಡ ವಿದ್ಯೆಯಲ್ಲ, ತೊಟ್ಟಿಲಲ್ಲೇ ಬರುತ್ತದೆ.

ಕಾಕಾನ ವಾದದ ಗುಟ್ಟು ನನಗೆ ತಿಳಿದದ್ದು ಮೆಟ್ರೊ ವಿಷಯದಲ್ಲಿ. ಇಲ್ಲಿ ಕೂತಾಗ ಅವರು ಬೆಂಗಳೂರಿನ ವಕೀಲರು. ‘ನಮ್ಮ ಮೆಟ್ರೊ 2011ರಾಗ ಓಡಿತ್ರೀ. ನಿಮ್ದು ಕಣ್ಣು ಬಿಟ್ಟಿದ್ದು 2017ರ ನವೆಂಬರಿಗೆ. ಆರು ವರ್ಷ ಸೀನಿಯಾರಿಟಿ ಅಂದ್ರ ಸಣ್ಣ ಮಾತಾ?’ ಪ್ಲಾಟ್ ವ್ಯಾಪಾರಿ ಮಿಯಾಪುರದ ದಿಕ್ಕಿಗೆ ಕೈ ತೋರಿಸಿ ಏನೋ ಹೇಳಲು ನೋಡಿ ಸೋಲುತ್ತಾನೆ. ಆಮೇಲೊಮ್ಮೆ ರಾಯಚೂರಿನಲ್ಲಿ ಒಂದು ಮದುವೆ ಪಂಗ್ತಿಯಲ್ಲಿ ಕಾಕಾನ ಪಕ್ಕದಲ್ಲೇ ಕೂರುವ ಯೋಗ ನನಗೆ ಬಂತು. ಎದುರಿಗೆ ಬೆಂಗಳೂರಿನ ಬೀಗರು. ಕಾಕಾ ಹೋಳಿಗೆ ಮುರಿಯುತ್ತ ಹೇಳುತ್ತಿದ್ದರು: ‘ನಿಮ್ಮ ಮೆಟ್ರೊ ಮೊದಲ ದಿನ ಎಷ್ಟು ಓಡಿತು? ಏಳು ಕಿಲೋಮೀಟರ್ ಪೂರಾ ಇಲ್ಲ. ನಮ್ಮ ಹೈದರಾಬಾದಿಂದು? ಮಿಯಾಪುರದಿಂದ ನಾಗೋಲು, ಒಂದೇ ಏಟಿಗೆ ಮೂವತ್ತು!’ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಬದಲಾದದ್ದು ‘ನಮ್ಮ’ ಮತ್ತು ‘ನಿಮ್ಮ’ ಮಾತ್ರ. ಎದುರಿಗೆ ಇಲ್ಲದ ಊರು ಯಾವುದೋ ಅದು ಕಾಕಾನ ಊರು.

ಶಿಕ್ಷಣದ ವಿಷಯದಲ್ಲಿ ಅವರ ಬಳಿ ಒಂದು ಬ್ರಹ್ಮಾಸ್ತ್ರವಿದೆ: ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಶುರುವಾದಾಗಿನಿಂದ ನಿಜಾಮರ ಆಳ್ವಿಕೆ ಮುಗಿಯುವ ತನಕ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ವೈದ್ಯಕೀಯ, ಇಂಜಿನಿಯರಿಂಗ್ ಕೂಡ. ಪುಸ್ತಕ ತರ್ಜುಮೆ ಮಾಡಲಿಕ್ಕೆಂದೇ ಒಂದು ಇಲಾಖೆ ಇತ್ತು. ಮಾಸ್ಟಾರು ‘ಇಂಗ್ಲಿಷ್ ಇಲ್ಲದೆ ವಿಜ್ಞಾನ ಹೇಗೆ ಸಾಧ್ಯ?’ ಅಂದರೆ ಕಾಕಾ ಇದನ್ನು ಎತ್ತಿ ಬಿಡುತ್ತಾರೆ: ‘ಉರ್ದುದಾಗ ಓದಿದ ಡಾಕ್ಟರ್ ಕೈಯಾಗ ರೋಗಿ ಬದುಕಲಿಲ್ಲೇನು?’ ಮಾಸ್ಟಾರು ಆ ರಾತ್ರಿ ನಿದ್ದೆಗೆಟ್ಟು ಯೋಚಿಸಿ, ಮರುದಿನ ‘ನಿಜ, ಮಾತೃಭಾಷೆಯಲ್ಲೇ ಕಲಿಸಬೇಕು’ ಎಂದು ಶರಣಾಗಿ ಬರುತ್ತಾರೆ. ಕಾಕಾ ಚಹಾದ ಲೋಟ ಕೆಳಗಿಡುತ್ತಾರೆ. ‘ಯಾರ ಮಾತೃಭಾಷಾರೀ? ರಾಯಚೂರು 1948ರ ತನಕ ನಿಜಾಮರ ಹೈದರಾಬಾದಿನಾಗ ಇತ್ತು. ನಮ್ಮಪ್ಪ ಮನ್ಯಾಗ ಕನ್ನಡ ಮಾತಾಡಿ, ಸಾಲ್ಯಾಗ ಉರ್ದುದಾಗ ಗಣಿತ ಬಿಡಿಸಿದಾ. ಆ ಉರ್ದು ನಿಜಾಮನ ಮಾತೃಭಾಷಾ, ನಮ್ಮಜ್ಜಿದಲ್ಲ!’ ಒಂದೇ ಉಸ್ಮಾನಿಯಾ, ಎರಡು ಕಡೆಗೂ ಗುಂಡು ಹಾರಿಸುತ್ತದೆ. ಇದೇ ಹೆಸರಿನ ಬಿಸ್ಕತ್ತು ಅಷ್ಟರಲ್ಲಿ ಚಹಾದೊಳಗೆ ಮೆತ್ತಗಾಗಿ ಮುಳುಗಿರುತ್ತದೆ.

ಹೊಸ ಶಿಕ್ಷಣ ನೀತಿಯ ಮಾತು ಬಂದಾಗಲೂ ಹೀಗೇ. 2021ರಲ್ಲಿ ಅದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ ಎಂದು ಎದೆ ಉಬ್ಬಿಸಿದವರು, 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಅದೇ ಕರ್ನಾಟಕ ಕೈಬಿಟ್ಟಾಗ ಕುಗ್ಗಲಿಲ್ಲ. ‘ತರೋದರಾಗೂ ನಾವು ಮುಂದು, ತಗಿಯೋದರಾಗೂ ನಾವು ಮುಂದು. ನಿಮ್ಮವರು ಕೂತು ನೋಡ್ತಾರ.’ ಇತ್ತ ಮನೆಯಲ್ಲಿ ಮೊಮ್ಮಗನನ್ನು ಯಾವ ಸ್ಕೂಲಿಗೆ ಸೇರಿಸಬೇಕು, ಆರನೇ ಕ್ಲಾಸಿನಿಂದಲೇ ಐಐಟಿ ಫೌಂಡೇಶನ್ ಹಾಕಿಸಬೇಕೋ ಬೇಡವೋ ಎಂದು ಮಗ ಸೊಸೆ ಕೂತು ತೀರ್ಮಾನಿಸಿದರು. ಆ ಹೊತ್ತಿಗೆ ಕಾಕಾ ಕೆಳಗೆ ಚಹಾ ಅಂಗಡಿಯಲ್ಲಿ ದೇಶದ ಶಿಕ್ಷಣ ಪದ್ಧತಿಯನ್ನು ಬುಡಮೇಲು ಮಾಡುತ್ತಿದ್ದರು. ಫೀಸಿನ ಮೊತ್ತ ಅವರಿಗೆ ಗೊತ್ತಾದದ್ದು ಹೆಂಡತಿ ಕಾಕೂನಿಂದ, ಎರಡು ದಿನ ಬಿಟ್ಟು, ಒಗ್ಗರಣಿ-ಮಿರ್ಚಿ ತಿನ್ನುವಾಗ. ‘ಇಷ್ಟಾ!’ ಅಂದರಂತೆ. ಬೇರೆ ಪಾಯಿಂಟ್ ಏನೂ ಬರಲಿಲ್ಲವಂತೆ.

ರಾಜಕೀಯದಲ್ಲಿ ಕಾಕಾನಿಗೆ ಪಕ್ಷವಿಲ್ಲ. ಪ್ರತಿಪಕ್ಷ ಮಾತ್ರ. ‘ಓದಿದವರು ರಾಜಕೀಯಕ್ಕೆ ಬರಬೇಕು’ ಎಂದು ಮಾಸ್ಟಾರು ಒಂದು ದಿನ ನಿಟ್ಟುಸಿರು ಬಿಟ್ಟರು. ಕೂಕಟ್‌ಪಲ್ಲಿಯಲ್ಲಿ ಕೂತು ಈ ಮಾತು ಆಡಬಾರದಿತ್ತು. ‘ಬಂದಿದ್ರಲ್ಲ! ಈ ಕ್ಷೇತ್ರ ಹುಟ್ಟಿದ ಮ್ಯಾಲ ಮೊದಲನೇ ಚುನಾವಣಿ, 2009. ನೀವ ಆರಿಸಿದ್ರಿ. ಲೋಕಸತ್ತಾದ ಜಯಪ್ರಕಾಶ ನಾರಾಯಣ, ಮೊದಲ ಡಾಕ್ಟರ್, ಆಮ್ಯಾಲ ಐಎಎಸ್. ಐದು ವರ್ಷ ಬಿಟ್ಟು ಅವರ ಮಲ್ಕಾಜ್‌ಗಿರಿಯಿಂದ ಲೋಕಸಭಾಕ್ಕ ನಿಂತ್ರು. ಈ ಓಣಿ ಓಟೂ ಅದಕ್ಕ ಸೇರ್ತದ. ಯಾರನ್ನ ಗೆಲ್ಲಿಸಿದ್ರಿ? ಮಲ್ಲಾರೆಡ್ಡಿಯವರನ್ನ. ಓದಿದವರನ್ನ ಬಿಟ್ಟು ಕಾಲೇಜ್ ಕಟ್ಟಿದವರನ್ನ!’ ಬೆಂಚಿನ ಮೇಲೆ ಎಲ್ಲರೂ ನಕ್ಕರು, ಮಾಸ್ಟಾರೂ ನಕ್ಕರು. ಪ್ಲಾಟ್ ವ್ಯಾಪಾರಿ ಉತ್ಸಾಹದಲ್ಲಿ ‘ಹೌದು, ಓದಿದವರಿಂದ ಏನೂ ಆಗಲ್ಲ’ ಎಂದು ದನಿಗೂಡಿಸಿದ. ತಕ್ಷಣ ಕಾಕಾ ಅವನ ಕಡೆಗೆ ತಿರುಗಿ, ಜಯಪ್ರಕಾಶ ನಾರಾಯಣರ ಪರವಾಗಿ ಮುಕ್ಕಾಲು ಗಂಟೆ ಮಾತಾಡಿದರು.

ಮತಯಂತ್ರದ ಗೊಡವೆಗೆ ಯಾರಾದರೂ ಹೋದರೆ ಕಾಕಾನ ಸ್ವಾಭಿಮಾನಕ್ಕೆ ಪೆಟ್ಟು ಬೀಳುತ್ತದೆ. ಅದನ್ನು ತಯಾರಿಸುವ ಸರ್ಕಾರಿ ಕಂಪನಿಗಳು ಎರಡೇ: ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್. ‘ಮಶೀನ್ ಸುಳ್ಳು ಹೇಳ್ತದ ಅಂತೀರಿ. ಯಾವ ಊರಿನ ಮಶೀನು? ಮೊದ್ಲು ಅದನ್ನ ಹೇಳ್ರಿ’ ಎಂದು ಕೇಳುತ್ತಾರೆ. ಯಾವ ಊರು ಅಂದರೂ ಜಗಳ ಖಚಿತ. ಬೀದರಿನ ಗುತ್ತಿಗೆದಾರ ಜಾಣ, ಅಷ್ಟು ಹೊತ್ತಿಗೆ ಅವನಿಗೆ ಫೋನ್ ಬಂದಿರುತ್ತದೆ.

ತಂತ್ರಜ್ಞಾನದಲ್ಲಂತೂ ಕಾಕಾನ ದಾರಿಗಳೆಲ್ಲ ಬಾಯ್ಲರಿಗೆ ಹೋಗಿ ಸೇರುತ್ತವೆ. ಹಾಸ್ಟೆಲ್ ಹುಡುಗರ ಚೀಲದ ಮೇಲಿನ ಅಕ್ಷರಗಳು ಬದಲಾಗುತ್ತಲೇ ಇರುತ್ತವೆ. ಅಮೀರ್‌ಪೇಟೆಯ ಗೋಡೆಗಳ ಮೇಲೆ ಒಂದು ಕಾಲಕ್ಕೆ ಮೇನ್‌ಫ್ರೇಮ್, ಆಮೇಲೆ ಜಾವಾ, ಸ್ಯಾಪ್, ಟೆಸ್ಟಿಂಗ್, ಈಗ ಎಐ. ‘ಎಐ ಬಂದ ಮೇಲೆ ನಮ್ಮ ಕೆಲಸವೇ ಹೋಗ್ತದೆ ಅಂಕಲ್’ ಎಂದು ಒಬ್ಬ ಅಳುಮೋರೆ ಮಾಡಿದರೆ, ‘ಅದು ದೊಡ್ಡ ಕ್ಯಾಲ್ಕುಲೇಟರ್, ಅಂಜಬ್ಯಾಡ’ ಅನ್ನುತ್ತಾರೆ. ಇನ್ನೊಬ್ಬ ‘ಅದು ಬರೀ ಕ್ಯಾಲ್ಕುಲೇಟರ್’ ಅಂದರೆ, ‘ತಮ್ಮಾ, ಅದು ನಿನ್ನ ಅನ್ನ ಕಸಗೊಳ್ತದ, ಎಚ್ಚರ ಇರು’ ಅನ್ನುತ್ತಾರೆ. ಇಬ್ಬರೂ ಒಟ್ಟಿಗೇ ಬಂದ ದಿನ ಕಾಕಾ ಬಾಯ್ಲರ್ ಹತ್ತಿದರು. ‘ನಿಮ್ಮ ಎಐಗೆ ಡೇಟಾ ಸೆಂಟರ್ ಬೇಕು. ಡೇಟಾ ಸೆಂಟರಿಗೆ ಕರೆಂಟ್ ಬೇಕು. ಗಾಳಿ ನಿಂತಾಗ, ಹೊತ್ತು ಮುಳುಗಿದಾಗ ಕರೆಂಟ್ ಕೊಡೋರು ಯಾರು? ಕಲ್ಲಿದ್ದಲಿ ಉರಿಸೋ ನಮ್ಮವರು.’ ಹುಡುಗರು ತಲೆ ತಗ್ಗಿಸಿದರು. ಇದು ಪೂರಾ ಸುಳ್ಳೂ ಅಲ್ಲ ಎಂಬುದು ಕಾಕಾನ ಜೊತೆಗಿನ ದೊಡ್ಡ ತೊಂದರೆ.

ಅವರನ್ನು ಸೋಲಿಸಿದ್ದು ಯಂತ್ರ ಒಂದೇ. ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೇವೆ ಎಂದು ಪ್ರಮಾಣ ಕೊಡಬೇಕಲ್ಲ, ಅದಕ್ಕೆ ಸೇವಾ ಕೇಂದ್ರಕ್ಕೆ ಹೋಗಿ ಹೆಬ್ಬೆರಳು ಒತ್ತಿದರು. ಕಬ್ಬಿಣ ಹಿಡಿದು ಸವೆದ ಬೆರಳು, ಯಂತ್ರ ಗುರುತಿಸಲಿಲ್ಲ. ಒರೆಸಿ ಒತ್ತಿದರು, ಉಗುಳು ಹಚ್ಚಿ ಒತ್ತಿದರು. ‘ನಾ ಬದುಕೀನಿ ಅನ್ನೋದು ನನ್ನ ಪಾಯಿಂಟ್’ ಎಂದು ವಾದ ಶುರು ಮಾಡಿದರು. ಯಂತ್ರ ತಿರುಗಿ ಮಾತಾಡಲಿಲ್ಲ. ಎದುರು ಮಾತಾಡದವರ ಜೊತೆ ವಾದಿಸಿ ಕಾಕಾನಿಗೆ ಅಭ್ಯಾಸವಿಲ್ಲ. ಕೊನೆಗೆ ಅಲ್ಲಿನ ಹುಡುಗ ಫೋನ್ ಎತ್ತಿ ಮುಖಕ್ಕೆ ಹಿಡಿದು ‘ತಾತಗಾರು, ಒಮ್ಮೆ ಕಣ್ಣು ಮಿಟುಕಿಸಿ’ ಅಂದ. ಮಿಟುಕಿಸಿದರು. ಬದುಕಿರುವುದು ಮಂಜೂರಾಯಿತು. ಅವತ್ತಿನ ಸಂಜೆ ಸಭೆಗೆ ಬರಲಿಲ್ಲ.

ಒಂದು ಸಂಗತಿ ಮಾತ್ರ ಕಾಕಾ ವಾದಕ್ಕೆ ತರುವುದಿಲ್ಲ, ಸುಮ್ಮನೆ ಹೇಳುತ್ತಾರೆ. ಕರ್ನಾಟಕಕ್ಕೆ ಐಐಟಿ ಬಂದಾಗ ರಾಯಚೂರು ಕೇಳಿತ್ತು. 2016ರಲ್ಲಿ ಅದು ಧಾರವಾಡಕ್ಕೆ ಹೋಯಿತು. ರಾಯಚೂರಿಗೆ ಸಿಕ್ಕಿದ್ದು ಐಐಐಟಿ. 2019ರಲ್ಲಿ ಅದರ ತರಗತಿಗಳು ಶುರುವಾದದ್ದು ರಾಯಚೂರಿನಲ್ಲಿ ಅಲ್ಲ, ಇಲ್ಲೇ ಹತ್ತಿರ, ಹೈದರಾಬಾದ್ ಐಐಟಿಯ ಆವರಣದಲ್ಲಿ. ‘ನನ್ನಂಗ ಅದೂ ಸ್ವಲ್ಪ ದಿನ ಮಕ್ಕಳ ಮನ್ಯಾಗ ಇತ್ತು ನೋಡ್ರಿ’ ಅನ್ನುತ್ತಾರೆ, ಕನ್ನಡದಲ್ಲಿ. ‘ಆಮ್ಯಾಲ ಅದು ಊರಿಗೆ ಹೋತು.’ ಸ್ಥಳೀಯರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಷಯವೂ ಅಷ್ಟೆ. ಇಲ್ಲಿಯವರಿಗೆ ಎಪ್ಪತ್ತರ ದಶಕದಲ್ಲೇ 371(ಡಿ) ಬಂದಿತ್ತು. ನಮ್ಮ ಕಡೆಗೆ ‘ಜೆ’ ಬರುವಾಗ 2013. ಅಷ್ಟರಲ್ಲಿ ಅವರ ಮಗ ಕೂಕಟ್‌ಪಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದಾಗಿತ್ತು.

ಇತ್ತೀಚೆಗೆ ಕಾಕಾನಿಗೆ ಒಂದು ಉದ್ಯೋಗ ಸಿಕ್ಕಿದೆ, ಸಂಬಳವಿಲ್ಲದ್ದು. ಕಂಪನಿಗಳ ಇಂಟರ್‌ವ್ಯೂನಲ್ಲಿ ಗ್ರೂಪ್ ಡಿಸ್ಕಷನ್ ಎಂಬ ಪರೀಕ್ಷೆ ಇರುತ್ತದಲ್ಲ, ಅದಕ್ಕೆ ತಯಾರಿ ಮಾಡಲು ಹಾಸ್ಟೆಲ್ ಹುಡುಗರು ಕಾಕಾನನ್ನು ಹಿಡಿದಿದ್ದಾರೆ. ಯಾವ ವಿಷಯ ಇಟ್ಟರೂ, ಯಾವ ಪಕ್ಷ ಕೊಟ್ಟರೂ ಎದುರು ನಿಲ್ಲುವ ಮನುಷ್ಯ ಅಮೀರ್‌ಪೇಟೆಯಲ್ಲಿ ಫೀಸು ಕೊಟ್ಟರೂ ಸಿಗುವುದಿಲ್ಲ. ಸಿಂಧನೂರಿನ ಹುಡುಗನೊಬ್ಬ ಮೂರು ವಾರ ಕಾಕಾನ ಜೊತೆ ಗುದ್ದಾಡಿ, ಸಿಂಹದಂತೆ ಹೋಗಿ, ಎಲ್ಲರಿಗಿಂತ ಹೆಚ್ಚು ಮಾತಾಡಿ ಫೇಲಾಗಿ ಬಂದ. ಅವನ ರೂಮ್‌ಮೇಟ್, ಇಲ್ಲಿ ಬಂದರೆ ಚಹಾ ಮಾತ್ರ ಕುಡಿಯುವವನು, ಪಾಸಾದ.

‘ಅವ್ನು ಏನ್ ಮಾತಾಡಿದಾ?’ ಎಂದು ಕಾಕಾ ವಿಚಾರಣೆಗೆ ಕೂತರು.

‘ಕಡೀಕ ಎರಡ ಮಾತು ಕಾಕಾ. ಕನ್‌ಕ್ಲೂಡ್ ಮಾಡಿದ. ಅದಕ್ಕ ಮಾರ್ಕ್ಸ್ ಜಾಸ್ತಿ ಅಂತ್ರಿ.’

‘ಯಾಕ ಮಾಡ್ಬೇಕು?’

ಈಗ ನಡೆದಿರುವ ಚರ್ಚೆ ಇದೇ: ಚರ್ಚೆಗೆ ಕೊನೆಯಲ್ಲಿ ತೀರ್ಮಾನ ಬೇಕೋ ಬೇಡವೋ. ಬೇಕು ಎಂದು ಮಾಸ್ಟಾರು, ಪ್ಲಾಟ್ ವ್ಯಾಪಾರಿ, ಹುಡುಗರೆಲ್ಲ ಒಂದು ಕಡೆ; ಬೇಡ ಎಂದು ಕಾಕಾ ಒಬ್ಬರೇ. ನಿನ್ನೆ ಮಾಸ್ಟಾರು ಸಾಕಾಗಿ ಎದ್ದು ನಿಂತು, ‘ಸರೇ ರಾಯಚೂರುಗಾರು, ತೀರ್ಮಾನ ಬೇಡ. ನಿಮ್ಮದೇ ಗೆಲುವು’ ಎಂದು ಕೈ ಮುಗಿದರು.

ಕಾಕಾ ಅವರ ತೋಳು ಹಿಡಿದು ಕೂರಿಸಿದರು. ‘ಬ್ಯಾಡ ಅಂದ್ರ ಹ್ಯಾಂಗ್ರೀ ಮಾಸ್ಟಾರೂ? ತೀರ್ಮಾನ ಇಲ್ಲದ ಚರ್ಚಾ ಯಾವ ಊರಾಗ ಮಾಡ್ತಾರ?’