ಬೀಗರಿಲ್ಲದ ಊರಿಲ್ಲ

ರೊಕ್ಕ ಕೊಟ್ಟು ಲಾಡ್ಜಿನಲ್ಲಿ ಮಲಗುವುದು ಯಾರೂ ಇಲ್ಲದವರ ಪಾಡು ಎಂಬುದು ಕೊಣ್ಣೂರ ಕಾಕಾರ ಗಟ್ಟಿ ನಂಬಿಕೆ. ಹೆಸರು ಬೇಡ. ನರಗುಂದ ತಾಲ್ಲೂಕಿನಲ್ಲಿ ಓಣಿಗೊಬ್ಬರು ಇಂಥವರು ಸಿಗುತ್ತಾರೆ. ಬಿಳಿ ಧೋತರ, ನೆಹರೂ ಶರ್ಟು, ಕಿಸೆಯಲ್ಲೊಂದು ಡೈರಿ. ಯಾವ ಊರಿನಲ್ಲಿ ಯಾರಿದ್ದಾರೆ, ಅವರು ಯಾರ ಪೈಕಿ, ಯಾರ ಲಗ್ನದಲ್ಲಿ ಸಿಟ್ಟಾಗಿ ಯಾರ ಸೀಮಂತದಲ್ಲಿ ಸರಿಹೋದರು ಎಂಬುದೆಲ್ಲ ಅದರಲ್ಲಿದೆ. ಹುಬ್ಬಳ್ಳಿ ಎಂದರೆ ತಂಗಿಯ ಮನೆ, ಗದಗ ಎಂದರೆ ಸೋದರಮಾವನ ಅಂಗಡಿ, ಬದಾಮಿ ಎಂದರೆ ಹಿರೀ ಸೊಸೆಯ ತವರು. ಚಾಲುಕ್ಯರ ಗುಹೆಗಳು ಆಮೇಲೆ.

ಈ ಪರಿಚಯದ ಮಹಿಮೆಗೆ ಕಾಕಾ ಇತಿಹಾಸದ ಆಧಾರವನ್ನೂ ಕೊಡುತ್ತಾರೆ. ಕೊಣ್ಣೂರಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ದಾನವನ್ನು ಹೇಳುವ ಶಾಸನವಿದೆ, ದಾನ ಕ್ರಿ.ಶ. 860ರದು. ಆಗ ಊರ ಹೆಸರು ಕೊಳನೂರು. ಅಲ್ಲಿಯ ಬಸದಿಗೆ ಅರಸ ದಾನ ಕೊಟ್ಟದ್ದು ದಂಡನಾಯಕ ಬಂಕೆಯ ಬಿನ್ನವಿಸಿಕೊಂಡನೆಂದು. “ನೋಡ್ರಿ, ಅವಾಗಿಂದನ ನಮ್ಮೂರಾಗ ವಶೀಲಿ ಇಲ್ದ ಕೆಲಸ ಆಗಿಲ್ಲ” ಎನ್ನುತ್ತಾರೆ.

ಇಂಥವರಿಗೆ ಬೆಂಗಳೂರಿನಲ್ಲಿರುವ ಮಗ, ಲಗ್ನವಾಗಿ ಮೂವತ್ತು ವರ್ಷವಾಯಿತೆಂದು ವಿಜಯಪುರದಲ್ಲಿ ಶನಿವಾರ-ರವಿವಾರಕ್ಕೆ ಒಂದು ಏಸಿ ರೂಮು ಬುಕ್ ಮಾಡಿದ.

“ಅಪ್ಪಾ, ನೀವಿಬ್ಬರ ಹೋಗಿ ಬರ್ರಿ.”

“ಇಬ್ಬರ? ಯಾಕ, ಯಾರಿಗೇನಾಗೇತಿ?”

ಅವರ ಗಾಬರಿಗೆ ಕಾರಣವಿತ್ತು. ಗಂಡ-ಹೆಂಡತಿ ಇಬ್ಬರೇ ಊರು ಬಿಡುವುದು ಒಂದೋ ದವಾಖಾನೆಗೆ, ಇಲ್ಲವೇ ಕೋರ್ಟಿಗೆ. ಸುಮ್ಮನೆ ಇಬ್ಬರೇ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ನೋಡಿದವರು ಏನೆಂದುಕೊಂಡಾರು? ಅದೂ ಅಲ್ಲದೆ ತಾರೀಖಿನ ಲೆಕ್ಕವೂ ಅವರಿಗೆ ಒಪ್ಪಿಗೆಯಿಲ್ಲ. ತುಳಸಿ ಲಗ್ನ ಮುಗಿದ ಮೇಲಿನ ಮೊದಲ ಮುಹೂರ್ತದಲ್ಲಿ ತಾಳಿ ಕಟ್ಟಿದವರು ಅವರು, ಪಂಚಾಂಗದ ಪ್ರಕಾರ ಇನ್ನೂ ಮೂವತ್ತು ತುಂಬಿರಲಿಲ್ಲ. ಆದರೆ ರೂಮಿನ ರೊಕ್ಕ ವಾಪಸ್ ಬರುವುದಿಲ್ಲ ಎಂದು ಮಗ ಹೇಳಿದ್ದೇ ಪಂಚಾಂಗ ಮುಚ್ಚಿಟ್ಟರು. ಕಾಕು ಏನೂ ಮಾತಾಡಲಿಲ್ಲ. ಅವರು ಗೋಳಗುಮ್ಮಟವನ್ನು ಕ್ಯಾಲೆಂಡರಿನಲ್ಲಷ್ಟೇ ನೋಡಿದವರು. ಕಪಾಟಿನ ತಳದಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದರು.

ಹೊರಟಾಗ ಬಟ್ಟೆಗೆ ಒಂದು ಚೀಲ, ಪೇರಲಕ್ಕೆ ಮೂರು. ಕೊಣ್ಣೂರಿನವರು ಬರಿಗೈಲಿ ಯಾರ ಮನೆಗೂ ಹೋಗುವುದಿಲ್ಲ. ಮಲಪ್ರಭೆಯ ದಂಡೆಯ ತೋಟದ ಹಣ್ಣು ಹೆದ್ದಾರಿ ಬದಿಗೆ ಬುಟ್ಟಿ ಬುಟ್ಟಿಯಾಗಿ ಕೂತಿರುವಾಗ ಬರಿಗೈಲಿ ಹೋಗುವುದಾದರೂ ಹೇಗೆ?

“ಲಾಡ್ಜಿಗೆ ಹೊಂಟವ್ರಿಗೆ ಇಷ್ಟ್ಯಾಕ್ರಿ ಪೇರಲ?” ಎಂದು ಕಾಕು ಕೇಳಿದರು.

“ದಾರ್ಯಾಗ ನಮ್ಮವರು ಅದಾರಲ್ಲ.”

ಇದ್ದರು. ಕೆರೂರಿನಲ್ಲಿ ಚಾ ಕುಡಿದು ಹೋಗೋಣವೆಂದು ಇಳಿದದ್ದು ಊಟದವರೆಗೆ ಹೋಯಿತು. ಬಾಗಲಕೋಟೆಯ ಷಡ್ಡಕರು ಆಲಮಟ್ಟಿಯ ಹಿನ್ನೀರಿಗೆ ಹಳೇ ಮನೆ ಬಿಟ್ಟು ನವನಗರಕ್ಕೆ ಬಂದವರು, ಆ ಮನೆಯ ಪರಿಹಾರದ ಲೆಕ್ಕವನ್ನು ಮೊದಲಿಂದ ಹೇಳದೆ ಯಾರನ್ನೂ ಬಿಡುವುದಿಲ್ಲ. ಕೊಲ್ಹಾರದಲ್ಲಿ ಮಾತ್ರ ಸಂಬಂಧಿಕರಿಲ್ಲ. ಆ ಕೊರತೆಗೆ ಕಾಕಾ ಅಲ್ಲಿಯ ಗಡಿಗೆ ಮೊಸರು ಕೊಂಡು ಸಮಾಧಾನ ಮಾಡಿಕೊಂಡರು. ಮೂರು ತಾಸಿನ ದಾರಿ ಮುಗಿದು ವಿಜಯಪುರ ಮುಟ್ಟುವಾಗ ದೀಪ ಹಚ್ಚಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಮಗಳ ಮಾವ ಟಂಟಂ ಹಿಡಿದು ನಿಂತಿದ್ದರು. ಫೋನ್ ಮಾಡಿದ್ದು ಯಾರೆಂದು ಕಾಕು ಕೇಳಲೇ ಇಲ್ಲ.

ಕಾಕಾರನ್ನು ನಕ್ಕು ಬಿಡುವುದು ಸುಲಭ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಮನೆಗಳಿಗೆ ನುಗ್ಗಿ, ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯೇ ಬಂದಾದಾಗ, ಇವರ ಡೈರಿಯಲ್ಲಿದ್ದ ಊರುಗಳಿಂದಲೇ ರೊಟ್ಟಿಯ ಗಂಟು, ಕಂಬಳಿ ಬಂದವು. “ಹೊಳಿ ಬಂದಾಗ ಲಾಡ್ಜಿನವ ಕರೀತಾನೇನು?” ಎಂದು ಅವರು ಕೇಳಿದರೆ ಉತ್ತರವಿಲ್ಲ. ಆದರೆ ಅವತ್ತು ಹೊಳೆ ಬಂದಿರಲಿಲ್ಲ, ಮೂವತ್ತು ವರ್ಷದ ನೆನಪಿಗೆಂದು ಕೊಂಡ ಕೋಣೆ ಕೀಲಿ ಹಾಕಿಕೊಂಡು ಕೂತಿತ್ತು. ಕಾಕು ಬೀಗರ ಅಡುಗೆಮನೆಯಲ್ಲಿ ಮಗಳ ಪಕ್ಕ ಕೂತು ರೊಟ್ಟಿ ಬಡಿಯುತ್ತಿದ್ದರು.

ರವಿವಾರ ಮುಂಜಾನೆ ಬೀಗರ ಮನೆಯ ಮಂದಿಯೆಲ್ಲ ಸೇರಿ ಗೋಳಗುಮ್ಮಟಕ್ಕೆ. ಒಳಗೆ ಕಟ್ಟೆಯ ಮೇಲೆ ಗೈಡ್ ಒಂದೊಂದೇ ಗೋರಿ ತೋರಿಸಿದ: ನಡುವೆ ಮಹಮ್ಮದ್ ಆದಿಲ್‌ಶಾಹ, ಅವನ ಇಬ್ಬರು ರಾಣಿಯರು, ಪ್ರೇಯಸಿ ರಂಭಾ, ಮಗಳು, ಮೊಮ್ಮಗ. ಕಾಕಾರ ಮುಖ ಅರಳಿತು.

“ನೋಡಿದ್ಯಾ? ಬಾದಶಾಹನೂ ಮನಿಮಂದಿನ್ನೆಲ್ಲ ಕರಕೊಂಡ ಮಲಗ್ಯಾನ!”

“ಅವರು ಸುಮ್ನ ಮಲಗ್ಯಾರ್ರಿ. ರಾತ್ರಿ ಎರಡರ ತನಕ ಉಳ್ಳಾಗಡ್ಡಿ ರೇಟ್ ಮಾತಾಡಿಲ್ಲ.”

ಏಳು ಅಂತಸ್ತಿನ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದರು. ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಸುಮಾರು 38 ಮೀಟರ್ ಆಚೆಯ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಅಳಿಯ ಅತ್ತೆಯನ್ನು ಎದುರು ಬದಿಗೆ ಕೂಡಿಸಿ ಬಂದು, “ಮಾವಾರ, ಏನಾರ ಹೇಳ್ರಿ” ಎಂದ. ಬೀಗರು ಮುಸಿಮುಸಿ ನಕ್ಕರು. ಪ್ರವಾಸಕ್ಕೆ ಬಂದಿದ್ದ ಶಾಲೆ ಹುಡುಗರೂ ಗೋಡೆಗೆ ಕಿವಿ ಹಚ್ಚಿದರು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, ಗಂಟಲು ಕೆರೆದುಕೊಂಡು ಕೇಳಿದರು:

“ಹೊಲದಾಗಿನ ಮೋಟರ್ ಬಂದ್ ಮಾಡಾಕ ಹೇಳಿ ಬಂದಿಯಿಲ್ಲೋ?”

ಪಿಸುಮಾತು ಕಾಕಾರಿಗೆ ಬರುವುದಿಲ್ಲ. ಗುಮ್ಮಟ ಇಲ್ಲೋ, ಇಲ್ಲೋ ಎಂದು ಏಳು ಸಲ ಕೇಳಿತು. ಎಂಟನೆಯದನ್ನು ಹುಡುಗರು ಕೇಳಿದರು. ಗಲಾಟೆ ಇಳಿದ ಮೇಲೆ ಆ ಕಡೆಯಿಂದ ಮೆಲ್ಲನೆ ಬಂತು:

“ಹೇಳೀನ್ರಿ.”

ಮಧ್ಯಾಹ್ನ ಗಂಡಸರು ಉಂಡು ಒರಗಿದಾಗ ಹೆಂಗಸರು ಇಬ್ರಾಹಿಂ ರೋಜಾಕ್ಕೆ ಹೋದರು. ಅದನ್ನು ಕಟ್ಟಲು ಹೊರಟದ್ದು ರಾಣಿ ತಾಜ್ ಸುಲ್ತಾನಾಳಿಗಾಗಿ. ಅವಳಿಗಿಂತ ಮೊದಲು, 1627ರಲ್ಲಿ ತೀರಿಕೊಂಡು ಅಲ್ಲಿ ಮಲಗಿದವನು ಗಂಡ, ಎರಡನೇ ಇಬ್ರಾಹಿಂ. ಇದನ್ನು ಕೇಳಿ ಕಾಕು ಬಹಳ ಹೊತ್ತು ಆ ಕುಸುರಿಯ ಕಲ್ಲಿನ ಕಿಟಕಿಗಳನ್ನು ನೋಡುತ್ತ ನಿಂತರಂತೆ. ಆಮೇಲೆ ಮಗಳಿಗೆ ಹೇಳಿದರಂತೆ: “ಹೇಣ್ತಿಗಂತ ಕಟ್ಟಿಸಿದ್ರಾಗೂ ಮೊದಲ ಇವರ ಹೋಗಿ ಮಲಗ್ತಾರ ನೋಡು. ಆ ರೂಮಿನ ಕೀಲಿ ಎಲ್ಲಿ ಇಸಗೋಬೇಕಂತ ಕೇಳು ನಿಮ್ಮಣ್ಣಗ.”

ಬೀಗತಿ, “ನಾನೂ ಬರಲೇನ್ರಿ?” ಎಂದರು.

ಕೌಂಟರಿನ ಹುಡುಗ, ಬುಕಿಂಗು ಇಬ್ಬರಿಗೆ, ಅದೂ ದಂಪತಿಗೆ ಎಂದು ತಡೆದ. “ಇವರೆಲ್ಲ ನಮ್ಮವರ ತಮ್ಮಾ” ಎಂದು ಕಾಕು ಉಳಿದಿದ್ದ ಪೇರಲದ ಚೀಲವನ್ನೇ ಅವನ ಮೇಜಿನ ಮೇಲಿಟ್ಟರು. ಇನ್ನೊಂದು ಹಾಸಿಗೆಯ ಬಾಡಿಗೆ ಬೆಂಗಳೂರಿನ ಮಗನ ಲೆಕ್ಕಕ್ಕೆ ಹೋಯಿತು. ಮೂವರೂ ಬಿಸಿನೀರಿನಲ್ಲಿ ಮನಸೋ ಇಚ್ಛೆ ಮಿಂದು, ಊಟವನ್ನು ಕೋಣೆಗೇ ತರಿಸಿಕೊಂಡು, ಮಗ ಕಳಿಸಿದ್ದ ಕೇಕು ಕೊಯ್ದರು. ಮಗಳು ಅತ್ತೆಯ ಎದುರಿಗೇ ಕಾಲು ಚಾಚಿ ಮಂಚದ ಮೇಲೆ ಕೂತಳು, ಅತ್ತೆಯೂ ಕಾಲು ಚಾಚಿದರು.

ಅತ್ತ ಬೀಗರ ಮನೆಯಲ್ಲಿ ಗಂಡಸರು ಬುಟ್ಟಿ, ಡಬ್ಬಿ ಎಲ್ಲ ತಡಕಾಡಿ ಕಡೆಗೆ ಲಾಡ್ಜಿಗೆ ಫೋನ್ ಹಚ್ಚಿದರು. ಮೇಡಮ್ಮಾರು ಯಾರ ಫೋನನ್ನೂ ಕೊಡಬ್ಯಾಡ ಅಂದಾರ ಎಂದ ಹುಡುಗ.

“ನಾ ಅವರ ಮಾಲಕರು!” ಎಂದರು ಕಾಕಾ.

“ಯಾರಾದ್ರೂ ಅಷ್ಟ ಅಂದಾರ್ರಿ.”

ಕಾಕಾ ಒಂದು ಗಳಿಗೆ ಸುಮ್ಮನಾದರು. ಆಮೇಲೆ ದನಿ ಇಳಿಸಿ, ಕಿಸೆಯಿಂದ ಡೈರಿ ತೆಗೆದು ಕೇಳಿದರು:

“ತಮ್ಮಾ, ನಿಮ್ಮೂರು ಯಾವುದಂದಿ?”

“ತಾಳಿಕೋಟಿರಿ.”

“ತಾಳಿಕೋಟ್ಯಾಗ ಯಾರ ಪೈಕಿ?”