ಮುಟ್ಟಿದವನಿಗೆ ಗದರಿಕೆ, ಸುಟ್ಟವನಿಗೆ ಪರವಾನಗಿ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯುದ್ದಕ್ಕೂ 2,300 ಕಿಲೋಮೀಟರ್ ಮೈಚಾಚಿರುವ ಗ್ರೇಟ್ ಬ್ಯಾರಿಯರ್ ರೀಫ್ ಮಾತಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: 'ತಮ್ಮ ಸೌಂದರ್ಯದ ಗುಟ್ಟೇನು' ಎಂದು ಕೇಳಕೂಡದು. ಹಾಗಾಗಿ ಆರೋಗ್ಯದಿಂದಲೇ ಆರಂಭಿಸಬೇಕಾಯಿತು.

ಪ್ರಶ್ನೆ: 2016ರಲ್ಲಿ ಅಮೆರಿಕದ ಪತ್ರಿಕೆಯೊಂದು ತಮ್ಮ ನಿಧನವಾರ್ತೆಯನ್ನೇ ಪ್ರಕಟಿಸಿತ್ತು. ಈಗ ಹೇಗಿದ್ದೀರಿ?

ರೀಫ್: ಓದಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂಬ ಶಿಷ್ಟಾಚಾರ ನಿಮ್ಮಲ್ಲಿರುವುದರಿಂದ ಹೊಗಳಿಕೆಗೇನೂ ಕೊರತೆಯಿರಲಿಲ್ಲ. ಆದರೆ ನಾನು ಒಂದು ಜೀವವಲ್ಲ, ಸುಮಾರು 3,000 ಹವಳ ದಿಬ್ಬಗಳ ಒಕ್ಕೂಟ. ಒಂದು ಮೂಲೆ ಸಾಯುವಾಗ ಇನ್ನೊಂದು ಚಿಗುರುತ್ತಿರುತ್ತದೆ. ಸತ್ತಿಲ್ಲ, ಕಾಯಿಲೆ ಬಿದ್ದಿದ್ದೇನೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಯೊಂದು ಬಾಡಿಗೆಗಿದೆ. ಬಿಸಿಲಿನಿಂದ ಆಹಾರ ತಯಾರಿಸಿ ಬಾಡಿಗೆ ಕಟ್ಟುತ್ತದೆ. ನೀವು ಫೋಟೊ ತೆಗೆಯುವ ಬಣ್ಣದಲ್ಲಿ ಬಹುಪಾಲು ಅದರದೇ. ಕಡಲ ನೀರು ಮಾಮೂಲಿ ಬೇಸಿಗೆಯ ಬಿಸಿಗಿಂತ ಒಂದೇ ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೂ ಸಾಕು, ಸಂಬಂಧ ಕೆಡುತ್ತದೆ. ಹವಳ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಪಾಚಿ ಮರಳುತ್ತದೆ. ಇಳಿಯದಿದ್ದರೆ ಹವಳ ಹಸಿದು ಸಾಯುತ್ತದೆ. ಇಂಥ ಸಾಮೂಹಿಕ ಬಿಳಿಚುವಿಕೆ 1998ರಲ್ಲಿ ಬಂತು, 2002ರಲ್ಲಿ ಬಂತು. ಆಮೇಲೆ 2016, 2017, 2020, 2022, 2024, 2025. ಅಂತರ ಹೇಗೆ ಕಿರಿದಾಗುತ್ತಿದೆ ಎಂದು ತಿಳಿಯಲು ವಿಜ್ಞಾನಿಯೇ ಆಗಬೇಕಿಲ್ಲ.

ಪ್ರಶ್ನೆ: ಇದಕ್ಕೆಲ್ಲ ಕಾರಣ, ಕಾಲಿಗೆ ಫಿನ್ ಕಟ್ಟಿ ಮೈಗೆ ಸನ್‌ಸ್ಕ್ರೀನ್ ಬಳಿದುಕೊಂಡು ಬರುವ ಪ್ರವಾಸಿ ಅಲ್ಲವೇ?

ರೀಫ್: ಅವನ ಮೇಲೆ ನನಗೂ ದೂರಿದೆ. ತೇಲಲು ಬಾರದವನು ನನ್ನ ಮೇಲೇ ನಿಂತು ಮಾಸ್ಕ್ ಸರಿಮಾಡಿಕೊಳ್ಳುತ್ತಾನೆ. ಈಗಷ್ಟೇ ಸ್ಕೂಬಾ ಕಲಿತವನ ಕಾಲು ತಗುಲಿ, ವರ್ಷಗಟ್ಟಲೆ ಬೆಳೆದ ಕೊಂಬೆ ಮುರಿಯುತ್ತದೆ. ಹವಾಯಿಯಲ್ಲಿ ಆಕ್ಸಿಬೆನ್ಜೋನ್ ಇರುವ ಸನ್‌ಸ್ಕ್ರೀನ್ ಮಾರಾಟಕ್ಕೆ 2021ರಿಂದ ನಿಷೇಧವಿದೆ, ಸಂತೋಷ. ಆದರೆ ಕೊಲೆ ಆರೋಪ ಹೊರಿಸುವ ಮುನ್ನ ಸಾಕ್ಷ್ಯ ನೋಡಿ. ಪ್ರವಾಸಿಗರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬರುವುದು ಕೇರ್ನ್ಸ್ ಮತ್ತು ವಿಟ್‌ಸಂಡೇ ಸುತ್ತಮುತ್ತ, ಅಂದರೆ ಸಾಗರ ಉದ್ಯಾನದ ಶೇ 7ರಷ್ಟು ಜಾಗಕ್ಕೆ. ಕೊಂದವನು ಅವನೇ ಆಗಿದ್ದರೆ ಅಲ್ಲೇ ಮೊದಲು ಹೆಣ ಬೀಳಬೇಕಿತ್ತು. 2016ರಲ್ಲಿ ಬಿದ್ದದ್ದು ಎಲ್ಲಿ? ಪೋರ್ಟ್ ಡಗ್ಲಸ್‌ನಿಂದ ಉತ್ತರಕ್ಕೆ, ಪ್ರವಾಸಿ ದೋಣಿಯೇ ಅಪರೂಪವಾದ 700 ಕಿಲೋಮೀಟರ್ ಉದ್ದದಲ್ಲಿ. ಅಲ್ಲಿ ಆಳ ಕಡಿಮೆಯಿರುವ ನೀರಿನ ಹವಳ ಸರಾಸರಿ ಶೇ 67ರಷ್ಟು ಸತ್ತಿತು. ಹವಳ ವಿಜ್ಞಾನಿ ಟೆರ್ರಿ ಹ್ಯೂಸ್ ಮತ್ತು ಸಂಗಡಿಗರು ಅಳೆದು ನೋಡಿ ಹೇಳಿದ್ದು ಇಷ್ಟೇ: ಮೀನು ಹಿಡಿಯದಂತೆ ಕಾಯ್ದ ಜಾಗವೂ, ತಿಳಿನೀರಿನ ಜಾಗವೂ ಆ ಬಿಸಿಯಿಂದ ಪಾರಾಗಲಿಲ್ಲ. ಯಾರೂ ಮುಟ್ಟದ ಕಡೆಯೇ ಹೆಚ್ಚು ಸತ್ತಿದ್ದೇನೆ ಎಂದಮೇಲೆ ಮುಟ್ಟಿದವನನ್ನು ಹಿಡಿದು ಕಟಕಟೆಗೆ ತಂದರೆ ಏನು ಬಂತು? ಆದರೂ ದೋಣಿಯಲ್ಲಿ ಉಪದೇಶವೆಲ್ಲ ಅವನಿಗೇ. ಅವನು ಕೈಗೆ ಸಿಗುತ್ತಾನೆ, ಅದಕ್ಕೆ.

ಪ್ರಶ್ನೆ: 2022ರಲ್ಲಿ ತಮ್ಮ ಹವಳ 36 ವರ್ಷಗಳಲ್ಲೇ ಹೆಚ್ಚು ಹರಡಿಕೊಂಡಿತ್ತೆಂದು ವರದಿಯೊಂದು ಹೇಳಿತ್ತು. ಕಾಯಿಲೆಯ ಮಾತು ಸ್ವಲ್ಪ ಉತ್ಪ್ರೇಕ್ಷೆಯಲ್ಲವೇ?

ರೀಫ್: ವರದಿ ಸುಳ್ಳಲ್ಲ. ಉತ್ತರ ಮತ್ತು ಮಧ್ಯ ಭಾಗಗಳಲ್ಲಿ ಹಾಗೆಯೇ ಇತ್ತು. ಬೆಳೆದದ್ದು ಯಾವುದು ಎಂದೂ ಅದೇ ವರದಿ ಹೇಳಿತ್ತು, ಅಷ್ಟು ದೂರ ಓದಿದವರು ಕಡಿಮೆ. ಅದು ಅಕ್ರೊಪೊರಾ: ಬೇಗ ಬೆಳೆಯುವ ಹವಳ. ಬಿಸಿ ಏರಿದಾಗ, ಚಂಡಮಾರುತ ಬೀಸಿದಾಗ, ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನು ಮುತ್ತಿದಾಗ ಮೊದಲು ಹೋಗುವುದೂ ಅದೇ. 2025ರ ವರದಿ ಬಂದಾಗ ಉತ್ತರದಲ್ಲೂ ದಕ್ಷಿಣದಲ್ಲೂ ಒಂದೇ ವರ್ಷದ ಕುಸಿತ ದಾಖಲೆ ಮುರಿದಿತ್ತು. ಚೇತರಿಕೆಗೆ ಬಿಡುವು ಬೇಕು, ಬಿಡುವೇ ಸಿಗುತ್ತಿಲ್ಲ.

ಪ್ರಶ್ನೆ: ಬಿಸಿಗೆ ಕಾರಣ ಯಾರೆಂದರೆ ಕೊನೆಗೆ ಕಲ್ಲಿದ್ದಲಿಗೇ ಬರುತ್ತೀರಿ. ನಮ್ಮಂಥ ದೇಶಕ್ಕೆ ಕರೆಂಟು ಬೇಡವೇ?

ರೀಫ್: ಬೇಕು. ಬಡವರ ಮನೆಯ ದೀಪ ಆರಿಸಿ ಎಂದು ನಾನು ಹೇಳುವುದಿಲ್ಲ. ಆ ದೀಪದ ಮರೆಯಲ್ಲಿ ನಿಂತು ಲಾಭ ಎಣಿಸುವವರ ಲೆಕ್ಕದಲ್ಲಿ ನನ್ನ ಸಾವನ್ನೂ ಬರೆದುಕೊಳ್ಳಿ ಎನ್ನುತ್ತೇನೆ. ನಿಮ್ಮ ಅದಾನಿ ಸಮೂಹದ ಕಾರ್ಮೈಕಲ್ ಗಣಿ ಇರುವುದು ಇದೇ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಅದರ ಕಲ್ಲಿದ್ದಲು ಅಬಾಟ್ ಪಾಯಿಂಟ್ ಬಂದರಿನಲ್ಲಿ ಹಡಗೇರಿ ನನ್ನನ್ನು ಹಾದೇ ಹೊರಡುತ್ತದೆ. 2010ರಲ್ಲಿ ಕಲ್ಲಿದ್ದಲು ತುಂಬಿಕೊಂಡು ಹೊರಟ ಶೆನ್ ನೆಂಗ್ 1 ಎಂಬ ಚೀನಾದ ಹಡಗು ದಾರಿ ತಪ್ಪಿ ನನ್ನ ಮೇಲೆ ಹತ್ತಿ, ಮೂರು ಕಿಲೋಮೀಟರ್ ಉದ್ದ ಗೀರಿಬಿಟ್ಟಿತು. ಅದೊಂದು ಅಪಘಾತ, ತನಿಖೆಯಾಯಿತು. ದಾರಿ ತಪ್ಪದೆ ಗುರಿ ಮುಟ್ಟಿ, ಉರಿದು, ಗಾಳಿಗೆ ಸೇರಿ, ನೀರನ್ನು ಬಿಸಿ ಮಾಡುವ ಕಲ್ಲಿದ್ದಲಿನ ಬಗ್ಗೆ ತನಿಖೆ ಮಾಡುವವರಿಲ್ಲ. ಇನ್ನು ಉದ್ಯೋಗದ ಮಾತು. 2017ರಲ್ಲಿ ಡೆಲಾಯ್ಟ್ ಸಂಸ್ಥೆ ನನಗೆ 5,600 ಕೋಟಿ ಆಸ್ಟ್ರೇಲಿಯನ್ ಡಾಲರ್ ಬೆಲೆ ಕಟ್ಟಿತು. ನನ್ನಿಂದ 64,000 ಉದ್ಯೋಗ ಎಂದಿತು. ಗಣಿಯ ಕೆಲಸಕ್ಕೆ ಮರುಗುವವರು ಈ ಸಂಖ್ಯೆಯನ್ನೂ ಒಮ್ಮೆ ನೋಡಲಿ.

ಪ್ರಶ್ನೆ: ಹಾಗಾದರೆ ಸ್ಕೂಬಾದವರು ನಿರ್ದೋಷಿಗಳು?

ರೀಫ್: ಅಷ್ಟು ಸುಲಭವಾಗಿ ಬಿಡಲಾರೆ, ಅವರು ಬರುವುದೂ ವಿಮಾನದಲ್ಲೇ. 'ಇಲ್ಲವಾಗುವ ಮುನ್ನ ನೋಡಿಬಿಡೋಣ' ಎಂದು ಬಂದವರೇ ಹೆಚ್ಚು ಎಂದು ಇಲ್ಲಿ ನಡೆದ ಒಂದು ಸಮೀಕ್ಷೆ ಹೇಳಿತ್ತು. ಆದರೆ ಬರಬೇಡಿ ಎನ್ನಲಾರೆ. ನೋಡಿದವರಲ್ಲಿ ಕೆಲವರಾದರೂ ನನ್ನ ಪರವಾಗಿ ಮಾತಾಡುತ್ತಾರೆ. ನನ್ನ ತಕರಾರು ನೋಟವನ್ನು ಪ್ರಮಾಣಪತ್ರ ಮಾಡಿಕೊಳ್ಳುವವರ ಬಗ್ಗೆ. ಬಂದವರನ್ನು ದೋಣಿಯವರು ಇಳಿಸುವುದು ಹವಳ ಚೆನ್ನಾಗಿರುವ ಕಡೆಯೇ. ವ್ಯಾಪಾರ ಅಂದಮೇಲೆ ಅದು ಸಹಜ. 2021ರ ಜೂನ್‌ನಲ್ಲಿ ಯುನೆಸ್ಕೊ ನನ್ನನ್ನು 'ಅಪಾಯದಲ್ಲಿರುವ ವಿಶ್ವ ಪರಂಪರೆ' ಪಟ್ಟಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಕೂಡಲೇ ಆಸ್ಟ್ರೇಲಿಯಾದ ಪರಿಸರ ಸಚಿವೆ ಯುರೋಪಿಗೆ ಹಾರಿ ಮತ ಕೇಳಿದರು. ಇತ್ತ ಸರ್ಕಾರದವರು ಹಲವು ದೇಶಗಳ ರಾಯಭಾರಿಗಳನ್ನು ಕರೆತಂದು, ಬಾಯಿಗೆ ಸ್ನಾರ್ಕಲ್ ಕೊಟ್ಟು ನನ್ನ ನೀರಿಗಿಳಿಸಿದರು. ಜುಲೈನಲ್ಲಿ ವಿಶ್ವ ಪರಂಪರೆ ಸಮಿತಿ ತೀರ್ಮಾನವನ್ನು ಮುಂದೂಡಿತು. ಆಮೇಲೂ ಮೂರು ಸಲ ಬಿಳಿಚಿಕೊಂಡೆ, ಆ ಪಟ್ಟಿಗೆ ನನ್ನ ಹೆಸರು ಏರಲಿಲ್ಲ.